ಕೈಯ ಕಸುಬಿನ ಮರ್ಯಾದೆ

ನಮ್ಮ ಊರುಗಳಲ್ಲಿ ಮೈ ನೀವುವವರಿಗೆ ಎಂದೂ ಕೊರತೆಯಿರಲಿಲ್ಲ. ಹಸುಗೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರು ಹಾಕುವ ಅಜ್ಜಿ, ಗರಡಿಯಲ್ಲಿ ಹುಡುಗರ ತೋಳು ತೊಡೆಗಳನ್ನು ತಿಕ್ಕಿ ಹದಮಾಡುವ ಉಸ್ತಾದ, ಉಳುಕು ತೆಗೆಯುವ ನಾಟಿ ವೈದ್ಯ, ಮೂಳೆ ಮುರಿದರೆ ಪುತ್ತೂರು ಕಟ್ಟು, ಇವೆಲ್ಲ ನಾವು ನೀವು ಕಂಡವೇ. ಅವರಿಗೆ ಎಲೆಯಡಿಕೆ, ಒಂದು ಹಳೆಯ ಸೀರೆ, ಕೈಲಾದಷ್ಟು ದುಡ್ಡು ಕೊಟ್ಟು ಕಳಿಸುತ್ತಿದ್ದೆವು. ಆದರೆ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದೆವೇ? ಇನ್ನೊಬ್ಬರ ಮೈ ಮುಟ್ಟಿ ಹೊಟ್ಟೆ ಹೊರೆಯುವವರನ್ನು ಸಮಾಜ ಬಳಸಿಕೊಂಡಿದೆಯೇ ಹೊರತು ಪೂರ್ತಿಯಾಗಿ ನಂಬಿಲ್ಲ. ಇಂದು ಆಸ್ಪತ್ರೆಗಳಲ್ಲಿ ‘ಫಿಸಿಯೋಥೆರಪಿ’ ಎಂಬ ಫಲಕದ ಹಿಂದೆ ಕೆಲಸಮಾಡುವವರ ಪೂರ್ವಕಥೆ ಮೊದಲಾಗುವುದು ಈ ಅಪನಂಬಿಕೆಯಿಂದಲೇ. ಆ ಕಥೆ ನಡೆದದ್ದು ಬಹುಪಾಲು ಲಂಡನ್ನಿನಲ್ಲಿ. ಅಲ್ಲಿಂದ ಸುತ್ತಿ ಬಳಸಿ ಅದು ಮುಂಬಯಿಗೆ ಬಂದಿತು.

1894ನೆಯ ಇಸವಿ. ಅಂಗಮರ್ದನ, ಅಂದರೆ ಮಸಾಜು, ಆಗ ಇಂಗ್ಲೆಂಡಿನಲ್ಲಿ ಬಹಳ ಬಳಕೆಗೆ ಬಂದಿತ್ತು. ನರಗಳ ನಿಶ್ಶಕ್ತಿಗೆ, ಕೀಲುನೋವಿಗೆ, ಮೂಳೆ ಕೂಡಿದ ಮೇಲೆ ಉಳಿದ ಬಿಗಿತಕ್ಕೆ ವೈದ್ಯರು ಅದನ್ನೇ ಬರೆದುಕೊಡುತ್ತಿದ್ದರು. ಬೇಡಿಕೆ ಹೆಚ್ಚಿದ ಕಡೆ ಕಳ್ಳಸರಕೂ ಬರುತ್ತದಷ್ಟೆ. ಬ್ರಿಟಿಷ್ ಮೆಡಿಕಲ್ ಜರ್ನಲ್ ಆ ವರ್ಷ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಮಸಾಜಿನ ಹಲಗೆ ತೂಗುಹಾಕಿದ ಲಂಡನ್ನಿನ ಕೆಲವು ಮನೆಗಳಲ್ಲಿ ನಡೆಯುವುದು ಬೇರೆಯೇ ವ್ಯಾಪಾರವೆಂದೂ, ಕಸುಬು ಕಲಿಸುವುದಾಗಿ ಜಾಹೀರಾತು ಕೊಟ್ಟು ಹೆಣ್ಣುಮಕ್ಕಳಿಂದ ಹಣ ಕಿತ್ತು, ಬೆಲೆಯಿಲ್ಲದ ಸರ್ಟಿಫಿಕೇಟುಗಳನ್ನು ಹಂಚುವವರಿದ್ದಾರೆಂದೂ ಬರೆಯಿತು. ಮಾತು ಸುಳ್ಳಲ್ಲ. ಆದರೆ ಅದರ ಪೆಟ್ಟು ಬಿದ್ದದ್ದು ನೇರವಾಗಿ ಬಾಳುತ್ತಿದ್ದ ನೂರಾರು ದಾದಿಯರ ಮೇಲೆ. ನಿನ್ನೆಯವರೆಗೆ ರೋಗಿಯ ಮನೆಯಲ್ಲಿ ಗೌರವದಿಂದ ಬಾಗಿಲು ತೆರೆಯುತ್ತಿದ್ದವರು ಇಂದು ಹೆಸರು ಕೇಳಿ ಮುಖ ತಿರುಗಿಸಿದರೆ ಅವರ ಗತಿಯೇನು?

ಆಗ ನಾಲ್ವರು ಹೆಂಗಸರು ಮುಂದೆ ಬಂದರು: ಲೂಸಿ ರಾಬಿನ್ಸನ್, ರೊಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್. ದಾದಿಯರಾಗಿ, ಸೂಲಗಿತ್ತಿಯರಾಗಿ ಪಳಗಿದ ಕೈಗಳು. ಪ್ಯಾಜೆಟ್ ಅಂತೂ ಅನುಕೂಲಸ್ಥರ ಮನೆಯ ಮಗಳು. ಸೂಲಗಿತ್ತಿಯರ ಕಸುಬಿಗೆ ಮಾನ್ಯತೆ ದೊರಕಿಸಲು ಹೋರಾಡಿ ಸಂಘಟನೆಯ ಮರ್ಮ ತಿಳಿದವಳು. 1935ರಲ್ಲಿ ‘ಡೇಮ್’ ಪದವಿ ಪಡೆದು, 1948ರಲ್ಲಿ ತೊಂಬತ್ತು ದಾಟಿದ ಮೇಲೆ ತೀರಿಕೊಂಡಳು. ಈ ನಾಲ್ವರು ಕಟ್ಟಿದ್ದು ‘ತರಬೇತಾದ ಅಂಗಮರ್ದಕಿಯರ ಸಂಘ’. ಪರೀಕ್ಷೆ ಇಡುವುದು, ಗೆದ್ದವರಿಗೆ ಪ್ರಮಾಣಪತ್ರ ಕೊಡುವುದು, ಅವರ ಹೆಸರುಗಳ ಪಟ್ಟಿಯನ್ನು ಇಡುವುದು, ಇಷ್ಟು ಅದರ ಕೆಲಸ. ಜೊತೆಗೆ ಕೆಲವು ನಿಯಮಗಳು. ನನಗೆ ಈ ಚರಿತ್ರೆಯಲ್ಲೆಲ್ಲ ಬಹು ಕುತೂಹಲ ಹುಟ್ಟಿಸುವುದು ಆ ನಿಯಮಗಳೇ.

ವೈದ್ಯರ ಆದೇಶವಿಲ್ಲದೆ ಯಾರನ್ನೂ ಮುಟ್ಟಕೂಡದು. ಗಂಡಸರಿಗೆ ಸಾಮಾನ್ಯ ಅಂಗಮರ್ದನ ಮಾಡಕೂಡದು; ತುರ್ತಿದ್ದು ವೈದ್ಯರೇ ವಿಶೇಷವಾಗಿ ಹೇಳಿದರೆ ಮಾತ್ರ ಆಗಬಹುದು. ವೈದ್ಯಕೀಯ ಪತ್ರಿಕೆಗಳಲ್ಲಿ ಹೊರತು ಬೇರೆಲ್ಲಿಯೂ ಜಾಹೀರಾತು ಕೊಡಕೂಡದು. ರೋಗಿಗಳಿಗೆ ಔಷಧ ಮಾರಕೂಡದು.

ಈ ನಾಲ್ಕು ‘ಕೂಡದು’ಗಳನ್ನು ನಿಧಾನವಾಗಿ ಓದಿ ನೋಡಬೇಕು. ಎರಡನೆಯದು ಮಾನ ಕಾಯುವುದಕ್ಕೆ. ಮೂರನೆಯದು, ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದ ಆ ‘ಬೇರೆ ಮನೆ’ಗಳಿಂದ ತಮ್ಮನ್ನು ಬೇರ್ಪಡಿಸಿಕೊಳ್ಳುವುದಕ್ಕೆ. ಮೊದಲನೆಯದೂ ನಾಲ್ಕನೆಯದೂ ಮಾತ್ರ ವೈದ್ಯರೊಡನೆ ಮಾಡಿಕೊಂಡ ಒಪ್ಪಂದ: ನಿಮ್ಮ ಜಾಗಕ್ಕೆ ನಾವು ಬರುವುದಿಲ್ಲ, ನಮ್ಮ ಮರ್ಯಾದೆಗೆ ನೀವು ಜಾಮೀನು ನಿಲ್ಲಿ. ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಒಪ್ಪಂದ ಎಲ್ಲಿ ಸಿಕ್ಕೀತು! ಹೆಂಗಸರಿಗೂ ಅಂದಿನ ಲೆಕ್ಕದಲ್ಲಿ ನಷ್ಟವಾಗಲಿಲ್ಲ. ಸಂಘ ಬೆಳೆಯಿತು, 1900ರಲ್ಲಿ ರಿಜಿಸ್ಟರ್ ಆಯಿತು, ಅದರ ಪ್ರಮಾಣಪತ್ರಕ್ಕೆ ಬೆಲೆ ಬಂದಿತು. ಆದರೆ ಸ್ವಂತ ಬುದ್ಧಿಯಿಂದ ರೋಗಿಯನ್ನು ಪರೀಕ್ಷಿಸಿ ‘ಇವನಿಗೆ ಇದು ಬೇಕು, ಇದು ಬೇಡ’ ಎನ್ನುವ ಹಕ್ಕನ್ನು ಅವರು ಅಂದು ಅಡವಿಟ್ಟರು. ಅದನ್ನು ಬಿಡಿಸಿಕೊಳ್ಳಲು ಎಂಬತ್ತು ವರ್ಷಗಳೇ ಹಿಡಿದವು.

ಬೇರೆ ದಾರಿಯೇ ಇರಲಿಲ್ಲವೇ ಎಂದರೆ, ಇತ್ತು. ಸ್ವೀಡನ್ನಿನಲ್ಲಿ ಪೇರ್ ಹೆನ್ರಿಕ್ ಲಿಂಗ್ ಎಂಬಾತ 1813ರಲ್ಲೇ ಸ್ಟಾಕ್‌ಹೋಮಿನಲ್ಲಿ ರಾಜಾಶ್ರಯದ ಅಂಗಸಾಧನೆಯ ವಿದ್ಯಾಲಯವನ್ನು ತೆರೆದಿದ್ದ. ಅಲ್ಲಿ ಕಲಿತು ರೋಗಿಗಳಿಗೆ ವ್ಯಾಯಾಮ ಮಾಡಿಸಿದವರಲ್ಲಿ ಬಹಳ ಮಂದಿ ಸೇನೆಯ ಅಧಿಕಾರಿಗಳು, ಕುಲೀನ ಮನೆತನದ ಗಂಡಸರು. ಕೀಲು ಮೂಳೆಗಳ ವೈದ್ಯರೊಡನೆ ಅವರು ಸರಿಸಮಾನರಾಗಿ ನಿಂತು ಜಗಳವಾಡಿದರು. ಶರೀರದ ಚಲನೆಯ ಶಾಸ್ತ್ರ ನಿಮಗಿಂತ ನಮಗೇ ಚೆನ್ನಾಗಿ ಗೊತ್ತು ಎಂದರು. 1887ರಲ್ಲಿ ಸರ್ಕಾರವೇ ಅವರ ಹೆಸರುಗಳನ್ನು ದಾಖಲಿಸಿಕೊಳ್ಳತೊಡಗಿತು. ಕಸುಬು ಹೆಚ್ಚು ಕಡಮೆ ಅದೇ. ಮುಟ್ಟುವ ಕೈ ಸೈನ್ಯಾಧಿಕಾರಿಯದಾದಾಗ ಅದು ವಿಜ್ಞಾನ, ದಾದಿಯದಾದಾಗ ಅದಕ್ಕೆ ಮೇಲ್ವಿಚಾರಣೆ ಬೇಕು! ಲಂಡನ್ನಿನ ಆ ನಾಲ್ವರು ಇದನ್ನು ಅರಿಯದವರಲ್ಲ. ತಮಗೆ ದೊರೆಯಬಹುದಾದ ದಾರಿಯನ್ನು ಅವರು ಹಿಡಿದರು ಎಂದೇ ನನ್ನ ಅಭಿಪ್ರಾಯ.

ಮೊದಲನೆಯ ಮಹಾಯುದ್ಧ ಬಂದಾಗ ಹಳೆಯ ನಿಯಮಗಳಲ್ಲಿ ಒಂದಂತೂ ತಾನಾಗಿ ಸಡಿಲಿತು. 1914ರ ಆಗಸ್ಟಿನಲ್ಲಿ ಅಲ್ಮೆರಿಕ್ ಪ್ಯಾಜೆಟ್ ಎಂಬ ಶ್ರೀಮಂತ ಪಾರ್ಲಿಮೆಂಟ್ ಸದಸ್ಯನೂ ಆತನ ಹೆಂಡತಿಯೂ ತಮ್ಮ ಖರ್ಚಿನಲ್ಲಿ ಐವತ್ತು ಮಂದಿ ಅಂಗಮರ್ದಕಿಯರ ತಂಡವೊಂದನ್ನು ಕಟ್ಟಿ ಸೇನೆಗೆ ಕೊಟ್ಟರು. ಗಾಯಾಳುಗಳು ಗಂಡಸರೇ ಅಲ್ಲವೇ? ‘ಗಂಡಸರನ್ನು ಮುಟ್ಟಕೂಡದು’ ಎಂದು ಕೂರುವ ಹಾಗಿರಲಿಲ್ಲ. ಯುದ್ಧ ಮುಗಿಯುವ ವೇಳೆಗೆ ಐವತ್ತು ಇದ್ದದ್ದು ಎರಡು ಸಾವಿರದ ಹತ್ತಿರಕ್ಕೆ ಏರಿತ್ತು. ಗುಂಡು ತಗುಲಿ ನರ ಕಡಿದ ತೋಳು, ಮಡಿಸಲು ಬಾರದ ಮೊಣಕಾಲು, ತುಂಡಾದ ಕಾಲಿನ ಮೋಟು. ಇವನ್ನೆಲ್ಲ ತಿಕ್ಕಿ, ವಿದ್ಯುತ್ತಿನ ಸಣ್ಣ ಹೊಡೆತ ಕೊಟ್ಟು, ಅಲುಗಿಸಿ, ಮತ್ತೆ ಕೆಲಸಕ್ಕೆ ತರಬೇಕು. ಇಡೀ ದಿನ ನಿಂತೇ ಇರುವ ಕೆಲಸ. ಸಂಜೆಗೆ ಹೆಬ್ಬೆರಳಿನ ಬುಡ ಬಾತುಕೊಳ್ಳುವುದೂ ಸೊಂಟ ಹಿಡಿಯುವುದೂ ಈ ಕಸುಬಿನವರಿಗೆ ಇಂದಿಗೂ ತಪ್ಪಿದ್ದಲ್ಲ.

ಅದೇ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಪಾಡು ಇನ್ನೊಂದು. ಆರ್ಥರ್ ಪಿಯರ್ಸನ್ ಎಂಬ ಪತ್ರಿಕೋದ್ಯಮಿ, ತಾನೂ ಕುರುಡನಾಗಿದ್ದವನು, 1915ರಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಆಶ್ರಯವನ್ನು ತೆರೆದ. ಬುಟ್ಟಿ ಹೆಣೆಯುವುದು, ಕೋಳಿ ಸಾಕುವುದು ಮುಂತಾದುವುಗಳ ಜೊತೆಗೆ ಅಲ್ಲಿ ಕಲಿತವರು ಆಯ್ದುಕೊಂಡ ಕಸುಬುಗಳಲ್ಲಿ ಅಂಗಮರ್ದನವೂ ಒಂದು. ಜಪಾನಿನಲ್ಲಿ ಕುರುಡರು ಶತಮಾನಗಳಿಂದ ಇದೇ ಕೆಲಸದಲ್ಲಿ ಬದುಕಿದ್ದರು. ಕಣ್ಣಿಲ್ಲದವನ ಬೆರಳಿಗೆ ಮಾಂಸಖಂಡದ ಬಿಗಿ ಸಡಿಲಗಳು ಚೆನ್ನಾಗಿ ತಿಳಿಯುತ್ತವೆ ಎಂಬ ನಂಬಿಕೆ ಎರಡೂ ಕಡೆ ಇತ್ತು. ಅಂಗರಚನಾ ಶಾಸ್ತ್ರವನ್ನು ಅಸ್ಥಿಪಂಜರ ತಡವಿ ತಡವಿಯೇ ಕಲಿತು, ಕಣ್ಣಿರುವವರ ಪರೀಕ್ಷೆಯಲ್ಲಿಯೇ ತೇರ್ಗಡೆಯಾಗಿ ಸೇನಾ ಆಸ್ಪತ್ರೆಗಳಲ್ಲಿ ನೌಕರಿ ಹಿಡಿದವರಿದ್ದಾರೆ.

1920ರಲ್ಲಿ ಸಂಘಕ್ಕೆ ರಾಜಸನ್ನದು ದೊರಕಿತು. 1944ರಲ್ಲಿ ಅದು ‘ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ’ ಎಂದು ಹೆಸರು ಬದಲಾಯಿಸಿಕೊಂಡು, ಮಸಾಜು ಎಂಬ ಪದವನ್ನೇ ತನ್ನ ಹೆಸರಿನಿಂದ ಕಳಚಿಹಾಕಿತು. ಐವತ್ತು ವರ್ಷ ಬೆನ್ನುಹತ್ತಿದ್ದ ಹಳೆಯ ಗಲೀಜಿನ ನೆನಪು ಹೋಗಲಿ ಎಂಬುದು ಒಂದು ಕಾರಣವಿದ್ದೀತು. ಕೆಲಸವೂ ಅಷ್ಟರಲ್ಲಿ ಬದಲಾಗಿತ್ತು ಎಂಬುದು ಇನ್ನೊಂದು. ನೀವುವ ಕೈ ಹಿಂದೆ ಸರಿದು, ರೋಗಿಯಿಂದಲೇ ಕೆಲಸ ಮಾಡಿಸುವ ಕೈ ಮುಂದಕ್ಕೆ ಬಂದಿತ್ತು.

ಇಲ್ಲಿ ಎಲಿಜಬೆತ್ ಕೆನ್ನಿಯ ಮಾತನ್ನು ಎತ್ತಲೇಬೇಕು. ಆಸ್ಟ್ರೇಲಿಯದ ಹಳ್ಳಿಗಾಡಿನವಳು, 1880ರಲ್ಲಿ ಹುಟ್ಟಿದವಳು. ದಾದಿಯ ಕೆಲಸವನ್ನು ಶಾಸ್ತ್ರೋಕ್ತವಾಗಿ ಕಲಿತವಳೇ ಅಲ್ಲ. ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತರುವ ಹಡಗುಗಳಲ್ಲಿ ದುಡಿದು ‘ಸಿಸ್ಟರ್’ ಎಂಬ ಬಿರುದನ್ನು ಸಂಪಾದಿಸಿದಳು. ಪೋಲಿಯೋ ತಗುಲಿದ ಮಕ್ಕಳ ಕೈಕಾಲುಗಳನ್ನು ತಿಂಗಳುಗಟ್ಟಲೆ ದಬ್ಬೆ ಕಟ್ಟಿ ಅಲುಗದಂತೆ ಇಡುವುದು ಆಗಿನ ವೈದ್ಯರ ಪದ್ಧತಿ. ಕೆನ್ನಿ ದಬ್ಬೆ ಬಿಚ್ಚಿಸಿದಳು. ಉಣ್ಣೆಯ ಕಂಬಳಿ ತುಂಡುಗಳನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನೋಯುವ ಸ್ನಾಯುಗಳಿಗೆ ಸುತ್ತಿದಳು. ನೋವು ಇಳಿದ ಕೂಡಲೇ ಮೆಲ್ಲಗೆ ಅಲುಗಾಡಿಸಿ, ‘ಈ ಸ್ನಾಯುವಿನ ಕಡೆಗೆ ನಿನ್ನ ಮನಸ್ಸನ್ನು ಕಳಿಸು’ ಎಂದು ಮಗುವಿಗೆ ಹೇಳಿಕೊಟ್ಟಳು. 1911ರಲ್ಲಿಯೇ, ವೈದ್ಯರು ಹತ್ತಿರವಿಲ್ಲದ ಕಡೆಯಲ್ಲಿ, ತನಗೆ ಇದು ತಾನಾಗಿ ಹೊಳೆಯಿತು ಎಂಬುದು ಆಕೆಯೇ ಹೇಳಿಕೊಂಡ ಕಥೆ. ಕ್ವೀನ್ಸ್‌ಲೆಂಡ್ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ 1938ರಲ್ಲಿ ಅವಳ ಪದ್ಧತಿಯನ್ನು ತೀವ್ರವಾಗಿ ಖಂಡಿಸಿತು. 1940ರಲ್ಲಿ ಅವಳು ಅಮೆರಿಕಕ್ಕೆ ಹೋದಳು. ಮಿನಿಯಾಪೊಲಿಸಿನ ವೈದ್ಯರು ಕಣ್ಣಾರೆ ನೋಡಿ ಒಪ್ಪಿದರು; ಎರಡೇ ವರ್ಷಗಳಲ್ಲಿ ಅವಳ ಹೆಸರಿನಲ್ಲಿ ಸಂಸ್ಥೆ ಎದ್ದಿತು, ಅವಳಿಂದ ಕಲಿಯಲು ಅಂಗಚಿಕಿತ್ಸಕಿಯರು ಸಾಲುಗಟ್ಟಿದರು.

ರೋಗದ ಕಾರಣದ ಬಗ್ಗೆ ಕೆನ್ನಿ ಹೇಳಿದ್ದು ಬಹುಪಾಲು ತಪ್ಪು. ಸ್ನಾಯುವಿನಲ್ಲಿ ರೋಗವಿದೆ ಎಂದು ಅವಳು ವಾದಿಸಿದಳು. ರೋಗ ಕೆಡಿಸುವುದು ಬೆನ್ನುಹುರಿಯ ನರಕೋಶಗಳನ್ನು. ಜಗಳಗಂಟಿಯೂ ಹೌದು. ಆದರೆ ಅವಳ ಕೈ ಸರಿಯಾಗಿತ್ತು: ದಬ್ಬೆಗಳು ಬಿಚ್ಚಿಹೋದವು, ಮತ್ತೆ ಕಟ್ಟಲ್ಪಡಲಿಲ್ಲ. ನನ್ನನ್ನು ಕಾಡುವ ಪ್ರಶ್ನೆಯೆಂದರೆ ಇದು. ಅಷ್ಟು ವರ್ಷ ಆ ದಬ್ಬೆಗಳ ನಡುವೆಯೇ ದುಡಿದ, ಪರೀಕ್ಷೆ ಗೆದ್ದ, ಪ್ರಮಾಣಪತ್ರವುಳ್ಳ ಸಾವಿರಾರು ಜನರಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲವೇ? ಬಂದೇ ಇರಬೇಕು. ಮಗುವಿನ ಕಾಲು ದಿನದಿನಕ್ಕೆ ಸಣ್ಣಗಾಗುವುದನ್ನು ಮೊದಲು ಕಾಣುವವರು ಅವರೇ. ಆದರೆ ‘ವೈದ್ಯರ ಆದೇಶವಿಲ್ಲದೆ ಮುಟ್ಟಕೂಡದು’ ಎಂದು ಪ್ರತಿಜ್ಞೆ ಮಾಡಿದವರು ದಬ್ಬೆ ಬಿಚ್ಚುವುದು ಹೇಗೆ? ಕೆನ್ನಿ ಯಾವ ಸಂಘಕ್ಕೂ ಸೇರಿರಲಿಲ್ಲ. ಬಹುಶಃ ಅದರಿಂದಲೇ ಅವಳಿಗೆ ಸಾಧ್ಯವಾಯಿತು.

ಇನ್ನು ನಮ್ಮ ದೇಶದ ಮಾತು. ಫಾತಿಮಾ ಇಸ್ಮಾಯಿಲ್ ಎಂಬಾಕೆ ಮುಂಬಯಿಯ ಸಮಾಜಸೇವಕಿ. 1940ರ ದಶಕದಲ್ಲಿ ಆಕೆಯ ಮೂರು ವರ್ಷದ ಮಗಳಿಗೆ ಪೋಲಿಯೋ ತಗುಲಿತು. ಊರೂರು ಅಲೆದು, ಕೊನೆಗೆ ಮದರಾಸಿನ ಪ್ರಸಿದ್ಧ ಮೂಳೆವೈದ್ಯರಾದ ಡಾ. ಎಂ. ಜಿ. ಕಿಣಿಯವರ ಬಳಿ ಮಗುವನ್ನು ಇಟ್ಟು ತಿಂಗಳುಗಟ್ಟಲೆ ಚಿಕಿತ್ಸೆ ಮಾಡಿಸಿದರು. ಆಮೇಲೆ ಪುಣೆಯಲ್ಲಿ, ಎರಡನೆಯ ಯುದ್ಧದ ಗಾಯಾಳುಗಳಿಗಾಗಿ ಸೇನೆ ನಡೆಸುತ್ತಿದ್ದ ಕೇಂದ್ರದಲ್ಲಿ, ಅಂಗಚಿಕಿತ್ಸೆಯೆಂದರೆ ಏನೆಂಬುದನ್ನು ಹತ್ತಿರದಿಂದ ಕಂಡರು. ಸೈನಿಕರಿಗೆ ಇರುವುದು ಬಡವರ ಮಕ್ಕಳಿಗೆ ಏಕಿಲ್ಲ ಎಂಬುದು ಅವರಿಗೆ ಹಿಡಿದ ಹಟ. 1947ರಲ್ಲಿ ಮುಂಬಯಿಯಲ್ಲಿ ಅವರು ಮಕ್ಕಳ ಚಿಕಿತ್ಸಾಲಯವನ್ನು ತೆರೆದಾಗ ಜಾಗ ಬಿಟ್ಟುಕೊಟ್ಟವರು ಡಾ. ಎ. ವಿ. ಬಾಳಿಗಾ, ತಮ್ಮ ಸ್ವಂತ ಕ್ಲಿನಿಕ್ಕನ್ನೇ ಕೊಟ್ಟರು. ಉಡುಪಿಯಲ್ಲಿ ಅವರ ಸ್ಮರಣೆಗೆ ಆಸ್ಪತ್ರೆ ಇರುವುದನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಆ ಸಣ್ಣ ಚಿಕಿತ್ಸಾಲಯವೇ ಬೆಳೆದು ಹಾಜಿ ಆಲಿಯ ಮಕ್ಕಳ ಮೂಳೆ ಆಸ್ಪತ್ರೆಯಾಯಿತು.

1950ರ ದಶಕದ ಮೊದಲಲ್ಲಿ ಮುಂಬಯಿಯಲ್ಲಿ ಪೋಲಿಯೋ ಹರಡಿದಾಗ ಚಿಕಿತ್ಸೆ ಮಾಡುವ ಕೈಗಳೇ ಸಾಲದೆ ಹೋದವು. ಭಾರತ ಸರ್ಕಾರ, ಮುಂಬಯಿ ನಗರಸಭೆ, ವಿಶ್ವ ಆರೋಗ್ಯ ಸಂಸ್ಥೆ ಮೂರೂ ಕೂಡಿ 1953ರಲ್ಲಿ ಕೆ. ಇ. ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆಯನ್ನು ತೆರೆದವು. ಎರಡು ವರ್ಷಗಳಲ್ಲಿ, 1955ರಲ್ಲಿ, ಇಲ್ಲಿಯವರದೇ ಸಂಘವೂ ಹುಟ್ಟಿತು. ಅತ್ತ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಕುಷ್ಠದಿಂದ ಮುರುಟಿದ ಕೈಗಳಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಬೆರಳು ಮಡಿಸುವ ಒಂದು ಸ್ನಾಯುರಜ್ಜುವನ್ನು ಬಿಡಿಸಿ, ಬೇರೆ ಕೆಲಸಕ್ಕೆ ಬೇರೆ ಜಾಗದಲ್ಲಿ ಹೊಲಿಯುವುದು ಆ ಕ್ರಿಯೆ. ಹೊಲಿಗೆ ಮುಗಿದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ‘ಮಡಿಸು’ ಎಂದು ಮಿದುಳು ಹೇಳಿದರೆ ಈಗ ಆಗುವ ಚಲನೆಯೇ ಬೇರೆ. ಅದನ್ನು ಆ ರೋಗಿಗೆ, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ, ವಾರಗಟ್ಟಲೆ ಕೂತು ಕಲಿಸುವವರು ಬೇಕು. ಅದೂ, ಊರೆಲ್ಲ ಮುಟ್ಟಲು ಹೇಸುತ್ತಿದ್ದ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು.

ಈ ಕೆಲಸದ ಅಳತೆಗೋಲು ಯಾವುದು ಎಂದು ಕೇಳಬಹುದು. ಎರಡನೆಯ ಯುದ್ಧಕಾಲದಲ್ಲಿ, 1943ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಪ್ರಕಟಿಸಿದ ಮಾನವೊಂದಿದೆ, ಇಂದಿಗೂ ಬಳಕೆಯಲ್ಲಿದೆ. ಸ್ನಾಯು ಏನೂ ಮಾಡದಿದ್ದರೆ 0. ಸುಮ್ಮನೆ ಮಿಡಿದರೆ, ಅಂಗ ಅಲುಗದಿದ್ದರೂ ಬೆರಳಿಗೆ ಮಿಡಿತ ತಿಳಿದರೆ, 1. ಅಂಗದ ಭಾರವನ್ನು ತಪ್ಪಿಸಿ ಹಿಡಿದಾಗ ಅಲುಗಿದರೆ 2. ತನ್ನ ಭಾರವನ್ನು ತಾನೇ ಎತ್ತಿದರೆ 3. ಎದುರು ಒತ್ತಿದರೂ ತಡೆದರೆ 4. ಎಂದಿನ ಶಕ್ತಿ 5. ಸೊನ್ನೆಯಿಂದ ಒಂದಕ್ಕೆ ಹೋಗುವುದನ್ನು ಮನೆಯವರು ಯಾರೂ ಕಾಣಲಾರರು. ಬೆರಳಿಟ್ಟು ಕಾಯುವವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಇದು ನಮ್ಮ ಮನೆಯಲ್ಲೇ ಕಂಡ ಸಂಗತಿ. ನಮ್ಮ ಭಾವನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಬರುವಾಗ ಒಂದು ಚೀಟಿ ಕೊಟ್ಟಿದ್ದರು: ಮಸಾಜು, ಶಾಖ, ಇಷ್ಟು ದಿನ. ಅದನ್ನು ಹಿಡಿದು ಮನೆಗೆ ಬಂದ ಹುಡುಗಿಗೆ ಇಪ್ಪತ್ತೈದು ವಯಸ್ಸಿದ್ದೀತು. ಚೀಟಿ ಓದಿ ಮಡಿಸಿಟ್ಟಳು. ಕೈಯನ್ನು ಮೇಜಿನ ಮೇಲಿರಿಸಿ, “ಸಾರ್, ಹೆಬ್ಬೆರಳು ಈ ಕಡೆಗೆ ತನ್ನಿ” ಎಂದು ಹೇಳಿ ಸುಮ್ಮನೆ ಕೂತಳು. ಭಾವನವರ ಹಣೆಯಲ್ಲಿ ಬೆವರು ಬಂತು, ಬೆರಳು ಬರಲಿಲ್ಲ. ಅಕ್ಕ ತಡೆಯಲಾರದೆ ತಾನೇ ಬೆರಳನ್ನು ಎತ್ತಿ ಇಡಲು ಹೋದಳು.

“ಬಿಡಿ ಅಮ್ಮ, ಅವರೇ ತರಲಿ.”

ಅಕ್ಕನಿಗೆ ಸಿಟ್ಟು ಬಂತು. ಒಳಗೆ ಬಂದು ನನ್ನೊಡನೆ, “ದುಡ್ಡು ತಗೊಂಡು ಕೂತು ನೋಡ್ತಾಳಲ್ಲೋ! ಒಂದಿಷ್ಟು ಎಣ್ಣೆ ಹಚ್ಚಿ ನೀವಬಾರದೆ?” ಎಂದಳು. ಆ ಹುಡುಗಿಗೂ ಅದು ಕೇಳಿಸಿರಬೇಕು. ಈ ಮಾತನ್ನು ದಿನಕ್ಕೊಂದು ಮನೆಯಲ್ಲಿ ಕೇಳುವವಳಿಗೆ ಅಷ್ಟರಿಂದ ಬೇಜಾರಾಗುವುದಿಲ್ಲವೆಂದು ಕಾಣುತ್ತದೆ. ಆಮೇಲೊಂದು ದಿನ ನಾನೇ ಕೇಳಿದೆ: ಚೀಟಿಯಲ್ಲಿ ಮಸಾಜು ಎಂದಿದೆಯಲ್ಲ, ನೀವು ಮಾಡುವುದು ಬೇರೆ, ಡಾಕ್ಟರು ಏನನ್ನುತ್ತಾರೆ? ಅವಳು ನಕ್ಕು, “ಕೈ ಎದ್ದರೆ ಏನೂ ಅನ್ನೋದಿಲ್ಲ ಸಾರ್” ಎಂದಳು.

ಅವಳ ನಗೆಯ ಹಿಂದೆ ಆ ಅಡವಿಟ್ಟ ಹಕ್ಕಿನ ಇತಿಹಾಸವೇ ಇದೆ. 1951ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹನ್ನೊಂದು ದೇಶಗಳ ಸಂಘಗಳು ಸೇರಿ ಜಾಗತಿಕ ಒಕ್ಕೂಟವನ್ನು ಮಾಡಿಕೊಂಡಾಗಲೂ ವೈದ್ಯರ ಚೀಟಿಯಿಲ್ಲದೆ ಕೆಲಸವಿಲ್ಲ ಎಂಬುದೇ ವಾಡಿಕೆ. ಅದನ್ನು ಮೊದಲು ಮುರಿದವರು ಆಸ್ಟ್ರೇಲಿಯದವರು. ಕೆನ್ನಿಯ ದೇಶದವರು ಎಂಬುದನ್ನು ಗಮನಿಸಿ. ಅಲ್ಲಿನ ಸಂಘ 1976ರಲ್ಲಿ ಆ ನಿಯಮವನ್ನು ತನ್ನ ನೀತಿಸಂಹಿತೆಯಿಂದ ತೆಗೆದುಹಾಕಿತು. ಮರುವರ್ಷ ಬ್ರಿಟನ್ನಿನ ಆರೋಗ್ಯ ಇಲಾಖೆ, ಚಿಕಿತ್ಸೆಯ ಬಗೆಯನ್ನೂ ಅವಧಿಯನ್ನೂ ಫಿಸಿಯೋಥೆರಪಿಯವರೇ ನಿರ್ಧರಿಸಬಹುದೆಂದು ಸುತ್ತೋಲೆ ಹೊರಡಿಸಿತು. ಆ ಕಸುಬಿನಲ್ಲೇ ಹಳಬರಾದ ಕೆಲವರಿಗೆ ಇದು ಅಷ್ಟು ರುಚಿಸಲಿಲ್ಲ. ಆದೇಶ ಪಾಲಿಸುವವನಿಗೆ ತಪ್ಪಿನ ಹೊಣೆ ಕಡಮೆ. ನಿರ್ಧಾರ ತನ್ನದಾದರೆ ತಪ್ಪೂ ತನ್ನದೇ. ಹಿಡಿದ ಸೊಂಟದ ಹಿಂದೆ ಗಡ್ಡೆಯೇನಾದರೂ ಅಡಗಿದ್ದರೆ ಅದನ್ನು ಗುರುತಿಸಿ ತಡಮಾಡದೆ ವೈದ್ಯರ ಬಳಿಗೆ ಕಳಿಸಬೇಕಾದ ಭಾರವೂ ಅದರೊಡನೆ ಬಂದಿತು.

ನಮ್ಮಲ್ಲಿ ಈ ಕಸುಬಿಗೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನು ಆದದ್ದು 2021ರಲ್ಲಿ. ವೈದ್ಯೇತರ ಆರೋಗ್ಯ ವೃತ್ತಿಗಳಲ್ಲಿ ಹಲವನ್ನು ಒಂದು ರಾಷ್ಟ್ರೀಯ ಆಯೋಗದ ಅಡಿಗೆ ತಂದ ಕಾನೂನು ಅದು. ಅದಕ್ಕೆ ಮೊದಲು ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಮಂಡಲಿಗಳನ್ನು ಮಾಡಿಕೊಂಡಿದ್ದವು. ಉಳಿದೆಡೆ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದವನೂ ನಾಲ್ಕು ವಾರ ನೋಡಿ ಕಲಿತವನೂ ಒಂದೇ ಬೀದಿಯಲ್ಲಿ ಒಂದೇ ಬಗೆಯ ಹಲಗೆ ಹಾಕಬಹುದಾಗಿತ್ತು. 1894ರ ಲಂಡನ್ನಿನ ದೂರೇ ಇದು. ಈ ಕಸುಬನ್ನು ನಮ್ಮ ದೇಶದಲ್ಲಿ ಹುಟ್ಟಿಸಿದ ಪೋಲಿಯೋ ಮಾತ್ರ ಈಗ ಇಲ್ಲ: 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದು ಕೊನೆಯ ಮಗು, 2014ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರವೂ ದೊರಕಿತು. ಲಕ್ವ, ಸೊಂಟನೋವು, ರಸ್ತೆಯ ಅಪಘಾತ, ಮುಪ್ಪಿನ ಮಂಡಿ, ಇವು ಆ ಜಾಗವನ್ನು ತುಂಬಿವೆ.

ಭಾವನವರ ಹೆಬ್ಬೆರಳು ಹತ್ತೊಂಬತ್ತನೆಯ ದಿನ ಮಿಡಿಯಿತು. ನಮಗಾರಿಗೂ ಕಾಣಲಿಲ್ಲ. ಆ ಹುಡುಗಿ ತನ್ನ ಬೆರಳನ್ನು ಅವರ ಅಂಗೈ ಮೇಲಿಂದ ತೆಗೆದು, ಚೀಲದಿಂದ ನೋಟುಪುಸ್ತಕ ಹೊರತೆಗೆದು, ತಾರೀಖು ಹಾಕಿ, 0 ಇದ್ದ ಸಾಲಿನ ಕೆಳಗೆ 1 ಎಂದು ಬರೆದುಕೊಂಡು, ಅಕ್ಕನಿಗೆ ಪುಸ್ತಕ ತೋರಿಸಿದಳು. ಅಕ್ಕ ಒಳಗೆ ಹೋಗಿ ಅವಳಿಗೆ ಕಾಫಿ ತಂದಳು.